ಗೇಟಿನಾಚೆಯ ಭೀಮಬಾಯಿ

ಭೀಮಬಾಯಿ ನಮ್ಮ ಸೆಂಟರಿನ ಗೇಟು ದಾಟಿ ಒಳಗೆ ಬಂದವಳೇ ಅಲ್ಲ. ಮೂರು ವರ್ಷ ಹೊರಗಿನ ಫುಟ್‌ಪಾತಿನ ಮೇಲೆಯೇ ಕೂತಳು. ರಿಚರ್ಡ್ಸ್ ಟೌನಿನ ಆ ಬೀದಿಯಲ್ಲಿ ನಾಯಿ ಹಿಡಿದುಕೊಂಡು ವಾಕಿಂಗ್ ಹೋಗುವವರು ಅವಳನ್ನು ಸುತ್ತಿಕೊಂಡು ಹೋಗುತ್ತಿದ್ದರು. "ಒಳಗೆ ಬಂದು ಬೆಂಚ್ ಮೇಲಾದ್ರೂ ಕೂತ್ಕೊಳ್ರೀ" ಎಂದು ಹೇಳಿ ಹೇಳಿ ನನಗೆ ಬಾಯಿ ನೋವು ಬಂತು.

"ಬ್ಯಾಡ್ರಿ ಟೀಚರಮ್ಮ. ನನ್ನ ನೋಡಿದ್ರ ನನ್ ಮಗಳು ಕೂಸಿನ್ ಎತ್ಗೊಂಡು ಹೊಳ್ಳಿ ಹೋಗಿಬಿಡ್ತಾಳ."

ನಾನು ಟೀಚರಮ್ಮ ಅಲ್ಲ, ಕಮರುನ್ನೀಸಾ, ಮಕ್ಕಳಿಗೆ ಫಿಸಿಯೋಥೆರಪಿ ಮಾಡಿಸುವವಳು. ಅದನ್ನೂ ಹೇಳಿ ಸುಸ್ತಾಗಿ ಬಿಟ್ಟುಬಿಟ್ಟೆ.

ಅವಳ ಮಗಳು ಸಾಬಮ್ಮ. ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುವ ಕೆಲಸ. ಸಾಬಮ್ಮನ ಮಗಳು ಕಾವೇರಿಗೆ ಐದು ವರ್ಷ. ವಾರಕ್ಕೆರಡು ಸಲ ಅವಳ ಕೈಕಾಲು ಬಿಗಿಯದಂತೆ ತೀಡುವುದು ನನ್ನ ಪಾಲಿನ ಕೆಲಸ. ಕಾವೇರಿ ಮಾತಾಡುವುದಿಲ್ಲ. ಎಚ್ಚರವಿದ್ದಷ್ಟು ಹೊತ್ತೂ ಎರಡು ಕೈಗಳನ್ನು ಎದೆಯ ಮುಂದೆ ಹಿಡಿದು, ಬಟ್ಟೆ ತಿಕ್ಕುವ ಹಾಗೆ ತಿಕ್ಕುತ್ತಲೇ ಇರುತ್ತಾಳೆ.

ಒಂದೂವರೆ ವರ್ಷದವರೆಗೆ ಈ ಹುಡುಗಿ ಎಲ್ಲರಂತೆಯೇ ಇದ್ದಳಂತೆ. "ಅವ್ವ" ಅನ್ನುತ್ತಿದ್ದಳು, ಅಜ್ಜಿಯನ್ನು ಕಂಡರೆ "ಆಯಿ" ಅನ್ನುತ್ತಿದ್ದಳು, ರೊಟ್ಟಿ ಚೂರು ಕೈಯಲ್ಲಿ ಹಿಡಿದು ತಿನ್ನುತ್ತಿದ್ದಳು. ಆಮೇಲೆ ಒಂದೊಂದೇ ಹೋಯಿತು. ಮೊದಲು ಮಾತು, ಆಮೇಲೆ ಕೈಹಿಡಿತ. ಹುಟ್ಟುವಾಗಲೇ ಇಲ್ಲದ್ದಾದರೆ ಹೇಗೋ ಒಗ್ಗಿಕೊಳ್ಳಬಹುದು. ಕೊಟ್ಟು ಕಿತ್ತುಕೊಳ್ಳುವುದಿದೆಯಲ್ಲ, ಅಬ್ಬಾ, ಆ ತಾಯಂದಿರ ಮುಖ ನೋಡುವುದೇ ನನಗೆ ಇತ್ತೀಚೆಗೆ ಆಗುವುದಿಲ್ಲ.

ಇನ್ನು ಭೀಮಬಾಯಿಯ ಕಥೆ. ಸುರಪುರದ ಕಡೆಯ ಹಳ್ಳಿಯವಳು. ಗಂಡ ಸತ್ತ ಮೇಲೆ ಎಳೆಯ ಮಗಳನ್ನೂ ತಾಯಿಯಿಲ್ಲದ ಕಿರಿಯ ತಮ್ಮನನ್ನೂ ಕಟ್ಟಿಕೊಂಡು ಬೆಂಗಳೂರಿಗೆ ಬಂದಳು. ಸಿಮೆಂಟು ಹೊತ್ತು ಇಬ್ಬರನ್ನೂ ಸಾಕಿದಳು. ಸೊಂಟ ಬಿದ್ದುಹೋದ ಮೇಲೆ ಹಲಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ರಸೆಲ್ ಮಾರುಕಟ್ಟೆಯಲ್ಲಿ ಅಹ್ಮದ್ ಪಾಷಾನ ಅಂಗಡಿಗೆ ಸೊಪ್ಪು ಬಿಡಿಸುವ ಕೆಲಸಕ್ಕೆ ಸೇರಿದಳು. ಅವರ ಕಡೆ ಅಕ್ಕನ ಮಗಳನ್ನು ಮೊದಲು ತಮ್ಮನಿಗೆ ಕೇಳುವುದು ಪದ್ಧತಿ. ಹಾಗಾಗಿ ವಯಸ್ಸಿಗೆ ಬಂದ ಮಗಳನ್ನು ತಮ್ಮ ಪೀರಪ್ಪನಿಗೇ ಕೊಟ್ಟಳು. ತಾನೇ ಉಣಿಸಿ ಬೆಳೆಸಿದ ಎರಡು ಜೀವ ಕಣ್ಣೆದುರೇ ಇರಲಿ ಎಂಬ ಆಸೆ ಅಷ್ಟೇ. ಸಾಬಮ್ಮ ಬೇಡ ಅನ್ನಲಿಲ್ಲ. ಹೂಂ ಎಂದೂ ಅಂದಿರಲಿಲ್ಲ.

ಕಾವೇರಿಯ ಮಾತು ನಿಂತಾಗ ಯಾವುದೋ ಆಸ್ಪತ್ರೆಗೆ ತೋರಿಸಿದರು. ಅಲ್ಲಿನ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಗಂಡ ಸಂಬಂಧದವನಾ? ಸೋದರಮಾವ ಅಂದಳು ಸಾಬಮ್ಮ. "ಮತ್ತೆ ಇನ್ನೇನಾಗುತ್ತೆ?" ಎಂದು ಆ ಮಹಾನುಭಾವ ಕ್ಯೂನಲ್ಲಿದ್ದವರಿಗೆಲ್ಲ ಕೇಳುವಂತೆ ಅಂದನಂತೆ. ಸಾಬಮ್ಮ ಅಲ್ಲಿಂದ ನೇರ ಹಲಸೂರಿಗೆ ಹೋಗಿ, ತಾಯಿಯ ಬಾಗಿಲಲ್ಲಿ ನಿಂತು, "ನನ್ ಕೂಸಿನ್ ನೀನೇ ತಿಂದಿ" ಅಂದಳು. ತಾಯಿ ಮಗಳ ಮಾತು ಅಲ್ಲಿಗೇ ಮುಗಿಯಿತು.

ನಾನೂ ಚಿಕ್ಕಪ್ಪನ ಮಗನನ್ನೇ ಮದುವೆಯಾದವಳು. ನನ್ನ ಇಬ್ಬರು ಗಂಡು ಮಕ್ಕಳು ಗುಂಡುಕಲ್ಲಿನಂತಿದ್ದಾರೆ, ದಿನಾ ನನ್ನ ತಲೆ ತಿನ್ನುತ್ತಾರೆ. ಹಾಗೆಂದು ಒಳಸಂಬಂಧದಿಂದ ಏನೂ ಆಗುವುದಿಲ್ಲ ಎಂದೇನಲ್ಲ, ಆಗುವ ಕಾಯಿಲೆಗಳಿವೆ, ನಮ್ಮ ಸೆಂಟರಿನಲ್ಲೇ ಅಂಥ ಮಕ್ಕಳಿದ್ದಾರೆ. ಆದರೆ ಪರೀಕ್ಷೆ ಗಿರೀಕ್ಷೆ ಒಂದೂ ಮಾಡದೆ ಬಾಯಿಗೆ ಬಂದದ್ದು ಒದರಿದರೆ? ಒದರಿದವನು ಮನೆಗೆ ಹೋಗಿ ಉಂಡು ಮಲಗಿದ. ಇವರು ಮೂರು ವರ್ಷದಿಂದ ಉರಿಯುತ್ತಿದ್ದರು.

ಥೆರಪಿಯ ದಿನ ಭೀಮಬಾಯಿ ಮಾರುಕಟ್ಟೆಯಿಂದ ಸಪೋಟ ತರುತ್ತಿದ್ದಳು. ಕಾವೇರಿಗೆ ಅಗಿಯಲು ಕಷ್ಟ, ಅದಕ್ಕೇ ಮುಟ್ಟಿದರೆ ಕರಗುವಂಥವನ್ನೇ ಆರಿಸಿರುತ್ತಿದ್ದಳು. ಅದನ್ನು ಗೇಟಿನ ಸಂದಿಯಿಂದ ನನಗೆ ಕೊಡುವುದು, ನಾನು ಸಾಬಮ್ಮನಿಗೆ ಕೊಡುವುದು. ಎಲ್ಲಿಂದ ಬಂತು ಎಂದು ಸಾಬಮ್ಮ ಒಂದು ದಿನವೂ ಕೇಳಲಿಲ್ಲ. ಸಿಪ್ಪೆ ಸುಲಿದು ಸುಮ್ಮನೆ ತಿನ್ನಿಸುತ್ತಿದ್ದಳು. ಇಬ್ಬರಿಗೂ ಎಲ್ಲ ಗೊತ್ತು, ನಡುವೆ ಓಡಾಡಿ ಮಂಡಿ ಸವೆಸಿಕೊಂಡವಳು ನಾನು. ಪೀರಪ್ಪ ಬಂದ ದಿನ ಮಾತ್ರ ಗೇಟಿನಾಚೆ ಹೋಗಿ ಅಕ್ಕನ ಪಕ್ಕ ಕೂತು ಬೀಡಿ ಸೇದಿ ಬರುತ್ತಿದ್ದ. ಅವನೂ ಹೆಂಡತಿಯ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಈ ವರ್ಷ ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರುವ ಜೆನೆಟಿಕ್ಸ್ ಡಾಕ್ಟರು ರಾಜೇಶ್ವರಿ, ಮಗುವಿನದ್ದೂ ತಂದೆ ತಾಯಿಯದ್ದೂ ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದರು. ಅಂದಿನಿಂದ ಭೀಮಬಾಯಿ ಅರ್ಧ ಆಗಿಹೋದಳು. ಒಂದು ದಿನ ಗೇಟಿನ ಸರಳು ಹಿಡಿದು ಕೇಳಿದಳು: "ಟೀಚರಮ್ಮ, ನಾ ಮಾಡಿದ ಲಗ್ನದಿಂದೇ ಆಗಿದ್ದು ಅಂತ ಬಂದ್ರ, ಬಾಯಿ ಬಿಟ್ಟು ಹೇಳಬ್ಯಾಡ್ರಿ. ಆ ಸಪೋಟ ಹೊಳ್ಳಿ ನನ್ನ ಕೈಯಾಗ ಕೊಟ್ಟುಬಿಡ್ರಿ. ನಾ ತಿಳ್ಕೊಂಡು ಊರಿಗೆ ಹೋಗ್ತೀನಿ."

"ಏನ್ರೀ ಹುಚ್ಚುಚ್ಚಾಗಿ ಮಾತಾಡ್ತೀರಾ?" ಎಂದು ರೇಗಿದೆ. ಮನೆಗೆ ಹೋಗಿ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಫಲಿತಾಂಶ ಬಂದ ದಿನ ಡಾಕ್ಟರ ಮುಂದೆ ಸಾಬಮ್ಮ, ಪೀರಪ್ಪ ಕೂತಿದ್ದರು. ಕಾವೇರಿ ನನ್ನ ತೊಡೆಯ ಮೇಲಿದ್ದಳು. ಪೀರಪ್ಪ ಗಾರೆ ಕೆಲಸದವನೆಂದು ತಿಳಿದು ಡಾಕ್ಟರು ಅವನ ಭಾಷೆಯಲ್ಲೇ ಶುರು ಮಾಡಿದರು.

"ನೋಡಪ್ಪ, ಇದಕ್ಕೆ ರೆಟ್ ಸಿಂಡ್ರೋಮ್ ಅಂತಾರೆ. ಮಗು ಮೆದುಳು ಬೆಳೆಯೋವಾಗ ಸಾವಿರಾರು ಜೀನ್‌ಗಳು ಕೆಲಸ ಮಾಡ್ತವೆ. ಯಾವ್ದು ಯಾವಾಗ ಶುರು ಮಾಡ್ಬೇಕು, ಎಷ್ಟು ಮಾಡ್ಬೇಕು, ಯಾವಾಗ ನಿಲ್ಲಿಸ್ಬೇಕು ಅಂತ ಹೇಳೋಕೆ ಮೇಸ್ತ್ರಿ ಥರ ಕೆಲವು ಜೀನ್‌ಗಳಿವೆ. ಕಾವೇರಿಯಲ್ಲಿ ಅಂಥ ಒಂದು ಮೇಸ್ತ್ರಿ ಜೀನ್ ಕೆಟ್ಟಿದೆ."

"ಆಳು ಎಲ್ಲಾ ಅದಾರ, ಹೇಳಾವ ಇಲ್ಲ" ಅಂದ ಪೀರಪ್ಪ.

"ಸುಮಾರು ಅರ್ಧ ಜೀವಕೋಶಗಳಲ್ಲಿ ಇಲ್ಲ, ಇನ್ನರ್ಧದಲ್ಲಿ ಇದಾನೆ. ಅದಕ್ಕೇ ಇವಳು ಇಷ್ಟಾದ್ರೂ ಇದಾಳೆ. ಮೊದಲು ಎಲ್ಲಾ ಸರಿಯಾಗೇ ಇದ್ದ ಹಾಗೆ ಕಾಣುತ್ತೆ. ಮಾತು, ಕೈಕೆಲಸ ಗಟ್ಟಿಯಾಗೋ ಹೊತ್ತಿಗೆ ಈ ಕೊರತೆ ಎದ್ದು ಕಾಣುತ್ತೆ."

ಸಾಬಮ್ಮ ನೆಲ ನೋಡುತ್ತಲೇ ಕೇಳಿದಳು: "ಸೋದರಮಾವನ್ನ ಮಾಡ್ಕೊಂಡಿದ್ದಕ್ಕ ಬಂತೇನ್ರಿ?"

"ಇಲ್ಲಮ್ಮ. ನಿಮ್ಮಿಬ್ಬರ ರಕ್ತದಲ್ಲೂ ಈ ದೋಷ ಇಲ್ಲ. ಇದು ಇವಳಲ್ಲಿ ಹೊಸದಾಗಿ ಆಗಿರೋದು. ನೀವು ಯಾರೋ ಪರಸ್ಥಳದವರನ್ನ ಮದುವೆ ಆಗಿದ್ರೂ ಆಗಬಹುದಿತ್ತು. ಯಾರ ತಪ್ಪೂ ಇಲ್ಲ."

"ಮತ್ತ ಆರಾಮ ಆಗ್ತಾಳೇನ್ರಿ?"

"ಪೂರ್ತಿ ವಾಸಿ ಮಾಡೋ ಔಷಧಿ ಇನ್ನೂ ಇಲ್ಲ. ಪ್ರಯೋಗಗಳು ನಡೀತಿವೆ. ಅಲ್ಲೀತನಕ ಮೈ ಗಟ್ಟಿ ಇಟ್ಕೊಳ್ಳೋಣ."

ಪೀರಪ್ಪ ಎದ್ದವನೇ ಗೇಟಿನತ್ತ ಓಡಿದ. ಸಾಬಮ್ಮ ಏಳಲಿಲ್ಲ. ಯಾರ ತಪ್ಪೂ ಇಲ್ಲ ಎಂದರೆ ಹಗುರಾಗುತ್ತಾಳೆ ಅಂದುಕೊಂಡಿದ್ದ ನನಗೆ ಅವಳ ಮುಖ ನೋಡಿ ಹೆದರಿಕೆಯಾಯಿತು. ಮೂರು ವರ್ಷ ಒರಗಿಕೊಂಡಿದ್ದ ಗೋಡೆ ಬಿದ್ದುಹೋದ ಹಾಗೆ ಕೂತಿದ್ದಳು. ಆಮೇಲೆ ನನ್ನ ತೊಡೆಯಿಂದ ಮಗುವನ್ನು ಎತ್ತಿಕೊಂಡು ಹೊರಗೆ ನಡೆದಳು. ನಾನೂ ಹಿಂದೆಯೇ ಹೋದೆ.

ಫುಟ್‌ಪಾತಿನಲ್ಲಿ ಪೀರಪ್ಪ, "ಅಕ್ಕಾ, ನಮ್ಮಿಂದ ಅಲ್ಲಂತ, ಅಕ್ಕಾ" ಎಂದು ಅದನ್ನೇ ಹೇಳುತ್ತಿದ್ದ. ಭೀಮಬಾಯಿಗೆ ನಂಬಿಕೆ ಬಂದಿರಲಿಲ್ಲ. "ಖರೇನಾ? ನನ್ನ ಸಮಾಧಾನಕ್ಕ ಹೇಳಾಕತ್ತಿಲ್ಲಲ್ಲಾ?" ಎನ್ನುತ್ತಿದ್ದವಳು ಮಗಳು ಬರುವುದು ಕಂಡು ಗಡಬಡಿಸಿ ಎದ್ದು, ಬೀದಿಯ ಆಚೆ ಬದಿಗೆ ಹೊರಟೇಬಿಟ್ಟಳು. ಮೂರು ವರ್ಷದ ರೂಢಿ.

"ನಿಲ್ಲು" ಅಂದಳು ಸಾಬಮ್ಮ.

ಭೀಮಬಾಯಿ ನಿಂತಳು. ಕಾವೇರಿ ಕೈ ತಿಕ್ಕುತ್ತಲೇ ಅಜ್ಜಿಯನ್ನು ಕಣ್ಣೆತ್ತಿ ನೋಡಿದಳು. ಮಾತು ಹೋದರೂ ಆ ಹುಡುಗಿಯ ಕಣ್ಣು ಹೋಗಿಲ್ಲ. ನೋಡಿದರೆ ನೋಡುತ್ತಲೇ ಇರುತ್ತಾಳೆ.

"ಯಾರ ತಪ್ಪೂ ಇಲ್ಲಂತವ್ವ" ಅಂದಳು ಸಾಬಮ್ಮ. ಮಗುವನ್ನು ಸೊಂಟದ ಮೇಲೆ ಸರಿಮಾಡಿ ಕೂರಿಸಿಕೊಂಡಳು. "ಇನ್ನ ನಾ ಯಾರ ಮ್ಯಾಲ ಸಿಟ್ಟ ಮಾಡ್ಲಿ?"

ಭೀಮಬಾಯಿ ಸೆರಗಿನಲ್ಲಿ ಕೈ ಒರೆಸಿಕೊಂಡು ಮಗುವನ್ನು ಇಸಕೊಂಡಳು.

"ನನ್ನ ಮ್ಯಾಲೇ ಮಾಡವಾ" ಅಂದಳು. "ನನಗ ರೂಢಿ ಆಗ್ಯಾದ."