ಅತ್ತೆಯ ಮೊಣಕಾಲು ಮತ್ತು ಗುಗ್ಗುಳದ ಪಥ್ಯ

ಗುಗ್ಗುಳದ ಹೊಗೆ ಮೂಗಿಗೆ ಬಡಿದರೆ ಉಳಿದವರಿಗೆ ವೀರಭದ್ರದೇವರು ನೆನಪಾಗುತ್ತಾನೆ. ನನಗೆ ನೆನಪಾಗುವುದು ನಮ್ಮ ಅತ್ತೆಯ ಎಡ ಮೊಣಕಾಲು. ದೇವರು ಕ್ಷಮಿಸಲಿ. ಕ್ಷಮಿಸದಿದ್ದರೆ ಅತ್ತೆ ಈಗ ಅಲ್ಲಿಯೇ ಇದ್ದಾಳೆ, ವಿಚಾರಿಸಿಕೊಳ್ಳುತ್ತಾಳೆ.

ನಾನು ಯಲಬುರ್ಗಾಕ್ಕೆ ಸೊಸೆಯಾಗಿ ಬಂದದ್ದು ಯುದ್ಧದ ದಿನಗಳಲ್ಲಿ, ಸೀಮೆಎಣ್ಣೆ ಸಿಗದ ಕಾಲದಲ್ಲಿ. ನನ್ನ ತವರು ಹುಲಿಹೈದರ. ತಂದೆ ತಾಯಿ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಸಾಕಿ ಬೆಳೆಸಿದ ಅಜ್ಜಿ ನನ್ನ ಮದುವೆ ಮಾಡಿ, ಮರುವರ್ಷ ತಾನೂ ಹೋದಳು. ಆ ಮನೆಗೆ ಬೀಗ ಬಿತ್ತು. ಗಂಡನ ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಒಂದು ಜೋಡಿ ಎತ್ತು, ಒಂದು ಎಮ್ಮೆ. ಅತ್ತೆಯ ಸಿಟ್ಟು ಊರಿಗೇ ಗೊತ್ತಿತ್ತು. ಅವಳ ದನಿ ಕೇಳಿದರೆ ಎಮ್ಮೆ ಕೂಡ ಕಾಲು ಸರಿಸಿ ನೆಟ್ಟಗೆ ನಿಲ್ಲುತ್ತಿತ್ತು.

ನಾನು ಬಸುರಿಯಾದೆ. ಚೊಚ್ಚಲ ಬಾಣಂತನ ತವರಿನದು. ನನಗೆ ತವರೇ ಇಲ್ಲ. ನಾನು ಒಲೆಯ ಮುಂದೆ ಕುಳಿತು ಸುಮ್ಮನೆ ಕಣ್ಣು ಒರೆಸಿಕೊಳ್ಳುವುದನ್ನು ಅತ್ತೆ ಒಂದು ದಿನ ನೋಡಿದಳು.

"ಹೊಗಿ ಹತ್ತಿ ಅಳಾಕತ್ತೀದಿ ಅಂತ ನನಗ ಹೇಳಬ್ಯಾಡ. ಬಾಣಂತನ ಇಲ್ಲೇ ಆಗ್ಲಿ. ಕೂಸಿಗೆ ನಾನ ಎರೀತೀನಿ," ಎಂದಳು.

ಅಂದದ್ದೇನೋ ಅಂದಳು. ಆದರೆ ಕೂಸಿಗೆ ಎರೆಯುವುದೆಂದರೆ ಬಚ್ಚಲಿನ ಕಲ್ಲಿನ ಮೇಲೆ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, ಅದರ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹಾಕಬೇಕು. ಅತ್ತೆಯ ಎಡ ಮೊಣಕಾಲು ಎರಡು ವರ್ಷದಿಂದ ಬಾತು ಬೆಲ್ಲದ ಹೆಂಟೆಯಂತಾಗಿತ್ತು. ನೆಲದ ಮೇಲೆ ಕೂಡಲು ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ನನ್ನ ರೊಟ್ಟಿಗಳಿಗೆ ಹೆಸರಿಡುವುದಷ್ಟೇ ಅವಳಿಂದಾಗುತ್ತಿದ್ದ ಅಡುಗೆ. ಹಕೀಮರ ಎಣ್ಣೆ ತಿಕ್ಕಿದ್ದಾಯಿತು, ಎಕ್ಕೆಯ ಎಲೆ ಕಾಯಿಸಿ ಕಟ್ಟಿದ್ದಾಯಿತು. ಬಾವು ಜಪ್ಪಯ್ಯ ಅನ್ನಲಿಲ್ಲ. ಎರೆಯುವ ಮಾತು ಕೊಟ್ಟ ಮೇಲೆ ಅವಳಿಗೆ ಅದೊಂದೇ ಚಿಂತೆ ಹತ್ತಿತು.

ಕಡೆಗೆ ಇರಕಲ್ಲಗಡದಿಂದ ಒಬ್ಬ ಮುದಿ ವೈದ್ಯರು ಟಟ್ಟು ಕುದುರೆಯ ಮೇಲೆ ಬಂದರು. ಮೊಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಗುಗ್ಗುಳ ತಿನ್ನಬೇಕವ್ವ," ಎಂದರು.

"ದೇವರಿಗೆ ಸುಡೂದನ್ನ ನಾ ತಿನ್ನಲೇನ್ರಿ?"

"ಅದು ಗಿಡದ ಅಂಟು ಯವ್ವಾ. ದೇವರಿಗೆ ಹೊಗಿ, ನಿನಗ ಗುಳಿಗಿ."

ಗುಗ್ಗುಳ ತರಲು ಮಾವ ಗಂಗಾವತಿಗೆ ಬಂಡಿ ಹೂಡಿದರು. ಅಂಗಡಿಯವನು "ಸುಡಾಕೋ, ತಿನ್ನಾಕೋ?" ಎಂದು ಕೇಳಿದನಂತೆ. ಮಾವನಿಗೆ ಈ ಪ್ರಶ್ನೆ ಎಷ್ಟು ಹಿಡಿಸಿತೆಂದರೆ ಆಮೇಲೆ ತಿಂಗಳುಗಟ್ಟಲೆ ನಾನು ಸ್ವಲ್ಪ ಕಪ್ಪಗಾದ ರೊಟ್ಟಿ ಹಾಕಿದರೂ ಅದನ್ನೇ ಕೇಳುತ್ತಿದ್ದರು.

ಬಸುರಿಯಾದವಳು ಗುಗ್ಗುಳ ಮುಟ್ಟಬಾರದು, ಅದರ ಹಬೆಗೂ ನಿಲ್ಲಬಾರದು ಎಂದು ವೈದ್ಯರು ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿದರು. ಅತ್ತೆಗೆ ಕೂಡಲಾಗದು. ಹೀಗಾಗಿ ಕೆಲಸ ಗಂಡಸರ ಪಾಲಿಗೆ ಬಂತು. ಅಂಟಿನಿಂದ ತೊಗಟೆ, ಉಸುಕು ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಅಳಲೆ, ತಾರೆ, ನೆಲ್ಲಿಕಾಯಿ ಕುದಿಸಿದ ಕಷಾಯದಲ್ಲಿ ಇಳಿಬಿಟ್ಟರು. ಅಂಟು ಕರಗಿ ಬಟ್ಟೆಯಿಂದ ಇಳಿದು ಕಷಾಯ ಕೆಸರಿನಂತಾಯಿತು. ಅದನ್ನು ಗಟ್ಟಿಯಾಗುವವರೆಗೆ ಕುದಿಸಿ, ಬಿಸಿಲಿಗೆ ಒಣಗಿಸಿ, ಹನಿಹನಿಯಾಗಿ ತುಪ್ಪ ಬಿಟ್ಟು ಕುಟ್ಟಬೇಕು. ಎಷ್ಟು ಹೊತ್ತು ಎಂದರೆ ವೈದ್ಯರು, "ಕೈ ಸೋತ ಮ್ಯಾಲೆ ಇನ್ನೊಂದಿಷ್ಟು," ಎಂದರು. ನನ್ನ ಗಂಡ ಅರ್ಧ ದಿನಕ್ಕೇ ಹೊಲದ ನೆಪ ಹೇಳಿ ಜಾಗ ಖಾಲಿ ಮಾಡಿದ. ಮಾವ ಮಾತ್ರ ಬಿಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವರು ಪಥ್ಯ ಏನೆಂದು ಕೇಳಿಕೊಂಡಿದ್ದರು.

ಹುಳಿ ಬಿಡಬೇಕು. ಖಾರ ಬಿಡಬೇಕು. ಬಿಸಿಲಲ್ಲಿ ಅಡ್ಡಾಡಬಾರದು, ದಣಿಯಬಾರದು. ಎಲ್ಲಕ್ಕಿಂತ ಮುಖ್ಯ, ನಲವತ್ತು ದಿನ ಸಿಟ್ಟು ಮಾಡಬಾರದು. ಸಿಟ್ಟು ಮಾಡಿದರೆ ಗುಗ್ಗುಳ ಹತ್ತುವುದಿಲ್ಲ, ಮತ್ತೆ ಮೊದಲಿನಿಂದ ಹಿಡಿಯಬೇಕು.

"ವೈದ್ಯರ," ಎಂದರು ಮಾವ ಮೆಲ್ಲಗೆ, "ವರ್ಷಪೂರ್ತಿ ಕೊಟ್ರ ಹ್ಯಾಂಗ್ರಿ?"

ಅತ್ತೆ ಬಾಯಿ ತೆರೆದವಳು ಮೊಣಕಾಲು ನೋಡಿಕೊಂಡು ಮುಚ್ಚಿದಳು. ಹಾಗೆ ಶುರುವಾಯಿತು ನಮ್ಮ ಮನೆಯ ಸುಖದ ಕಾಲ.

ದಿನಾ ಬೆಳಿಗ್ಗೆ ಕಡಲೆಕಾಳಿನಷ್ಟು ಗುಳಿಗೆ, ಮೇಲೆ ಬಿಸಿನೀರು. ಸಿಟ್ಟು ಬಂದಾಗ ಅತ್ತೆ ತಂಬಿಗೆ ಎತ್ತಿ ಬಾಯಿ ತುಂಬ ನೀರು ಹಿಡಿದುಕೊಂಡು ನಿಲ್ಲುತ್ತಿದ್ದಳು. ಕೆಲವು ದಿನ ಅವಳ ಬಾಯಿ ಖಾಲಿ ಇದ್ದದ್ದನ್ನೇ ನಾನು ನೋಡಲಿಲ್ಲ. ಆದರೆ ಒಡಕು ಗಡಿಗೆ ಕೊಟ್ಟುಹೋಗಿದ್ದ ಕುಂಬಾರ ಎದುರಿಗೆ ಸಿಕ್ಕ ದಿನ ನೀರು ಸಾಲಲಿಲ್ಲ. ನನ್ನನ್ನು ಕರೆದಳು.

"ಬಾ ಇಲ್ಲೆ. ನನ್ನ ಬದಲಿ ನೀ ಬೈ."

"ಏನಪಾ, ಗಡಗಿ ಸೋರತೈತಲ್ಲ…" ಎಂದೆ ನಾನು ಇಲಿಯ ದನಿಯಲ್ಲಿ.

"ಹಂಗಂದ್ರ ಅವ ಇನ್ನೊಂದು ಒಡಕ ಗಡಗಿ ತರ್ತಾನ. ಸೊಂಟದ ಮ್ಯಾಲ ಕೈ ಇಟ್ಕೋ. ಹಾಂ. ಈಗ ಅನ್ನು." ಇದನ್ನೆಲ್ಲ ಅತ್ತೆ ಹೇಳಿದ್ದು ಪೂಜೆಗೆ ಕೂತವಳ ಹಾಗೆ ಶಾಂತವಾಗಿ. ಕುಂಬಾರ ಬಿದ್ದು ಬಿದ್ದು ನಕ್ಕ, ಆದರೆ ಮರುದಿನ ಹೊಸ ಗಡಿಗೆ ತಂದಿಟ್ಟ. ಆಮೇಲೆ ಮನೆಯ ಬೈಗುಳವೆಲ್ಲ ನನ್ನ ಬಾಯಿಂದಲೇ ಹೊರಡತೊಡಗಿತು. ಇವತ್ತು ನನ್ನ ಮಕ್ಕಳು ನನ್ನ ಬಾಯಿಯ ಬಗ್ಗೆ ಏನೇನು ಆಡಿಕೊಳ್ಳುತ್ತಾರೋ, ಅದೆಲ್ಲ ಗುಗ್ಗುಳದ ಪ್ರಸಾದ.

ಬಾವು ನಿಜವಾಗಿಯೂ ಇಳಿಯಿತು. ಮೂವತ್ತೆರಡನೆಯ ದಿನ ಬಚ್ಚಲಿನಲ್ಲಿ ಸದ್ದಾಯಿತೆಂದು ಹೋಗಿ ನೋಡಿದರೆ ಅತ್ತೆ ನೆಲದ ಮೇಲೆ ಕೂತಿದ್ದಾಳೆ. ಕಾಲು ಚಾಚಿ, ಮೇಲೊಂದು ಕುಂಬಳಕಾಯಿ ಮಲಗಿಸಿಕೊಂಡು, ಅದರ ಬೆನ್ನು ತಿಕ್ಕುತ್ತಿದ್ದಾಳೆ. ನನ್ನನ್ನು ಕಂಡು ನಾಚಿದಳು. ಆಮೇಲೆ ಗೋಡೆ ಹಿಡಿದು ತಾನೇ ಎದ್ದಳು. ನನಗೆ ಅಷ್ಟು ಸಂತೋಷವಾದದ್ದು ಆ ಮನೆಯಲ್ಲಿ ಅದೇ ಮೊದಲು.

ಮೂವತ್ತಾರನೆಯ ದಿನ ನನ್ನ ಕುಬಸ ಇತ್ತು. ಏಳನೇ ತಿಂಗಳಲ್ಲಿ ತವರಿನವರು ಸೀರೆ, ಕುಬಸ ತಂದು ಬಸುರಿಗೆ ಉಡಿ ತುಂಬುವ ಶಾಸ್ತ್ರ ಅದು. ತರುವವರಿಲ್ಲವೆಂದು ಅತ್ತೆಯೇ ಹಸಿರು ಸೀರೆ ತರಿಸಿದ್ದಳು. ನೆಲದ ಮೇಲೆ ಕೂಡಲು ಬಂದ ಹುರುಪಿನಲ್ಲಿ, ದಣಿಯಬಾರದೆಂಬುದನ್ನು ಮರೆತು ಬೆಳಗಿನಿಂದ ಒಲೆಯ ಮುಂದೆ ಕೂತು ಹೋಳಿಗೆ ಮಾಡಿದ್ದಳು. ಓಣಿಯ ಹೆಂಗಸರೆಲ್ಲ ಬಂದರು. ಮಂಗಳೂರಿನಿಂದ, ಕಡಲ ಕಡೆಯದಲ್ಲ, ನಮ್ಮ ಸೀಮೆಯ ಹಳ್ಳಿ ಅದು, ಮಾವನ ಅಕ್ಕನೂ ಬಂದಿದ್ದರು. ನಾನು ಮಣೆಯ ಮೇಲೆ ಕೂತೆ. ಹಿರಿಯರೆಂದು ಉಡಿ ತುಂಬಲು ಮೊದಲು ಮಾವನ ಅಕ್ಕನಿಗೇ ತಟ್ಟೆ ಕೊಟ್ಟರು. ಅವರು ಕೈ ಹಿಂದಕ್ಕೆ ತಗೊಂಡರು.

"ತವರವರು ತರೂ ಕುಬಸ ಅತ್ತಿ ಉಡಸೂದು ಯಾವೂರ ಪದ್ಧತಿ? ಹುಟ್ಟಿದ ಮನೀನ ಮುಳುಗಿಸಿ ಬಂದಾಕಿಗೆ ಶಾಸ್ತ್ರ ಯಾಕ ಬೇಕು? ನಾ ಮುಟ್ಟೂದಿಲ್ಲವ್ವ."

ಕುಂಬಾರನಿಗೆ ಬೈದ ಬಾಯಿ ನನ್ನದೇ, ಆದರೆ ಒಂದು ಮಾತು ಹೊರಡಲಿಲ್ಲ. ಹಸಿರು ಸೀರೆಯ ಸೆರಗು ನೋಡುತ್ತ ಕೂತೆ. ಎದ್ದು ಎಲ್ಲಿಗಾದರೂ ಹೋಗಿಬಿಡಬೇಕೆನಿಸಿತು. ಹೋಗುವ ಮನೆ ಯಾವುದು?

ಅತ್ತೆ ತಂಬಿಗೆಯ ಕಡೆ ಕೈ ಚಾಚಿದ್ದನ್ನು ನಾನು ನೋಡಿದೆ. ಬಾಗಿಲಲ್ಲಿದ್ದ ಮಾವ ಗಾಬರಿಯಿಂದ ನಾಲ್ಕು ಬೆರಳು ಎತ್ತಿ ತೋರಿಸಿ, "ಇನ್ನ ನಾಕ ದಿನ ಐತಿ, ನಾಕ ದಿನ!" ಎಂದರು.

"ಸುಡ್ಲಿ ನಿಮ್ಮ ನಾಕ ದಿನ!" ಎಂದಳು ಅತ್ತೆ. ತಂಬಿಗೆ ಉರುಳಿತು. "ಅಕ್ಕಾರ, ಈಕಿ ತವರು ಇಲ್ಲೇ ಐತಿ. ಈಕಿ ತವರವ್ವ ನಾನ. ಕಣ್ಣು ಬಿಟ್ಟು ನೋಡ್ಕೋರಿ. ಉಡಿ ತುಂಬೂ ಮನಸಿದ್ರ ತುಂಬ್ರಿ, ಇಲ್ಲಾಂದ್ರ ಬಾಗ್ಲಾ ತೆರದೈತಿ!"

ಇಷ್ಟು ಬರೆಯಬಹುದಾದದ್ದು. ಉಳಿದದ್ದು ಮೂವತ್ತಾರು ದಿನದಿಂದ ಒಳಗೆ ಕೂಡಿಟ್ಟದ್ದು, ಒಂದೇ ಉಸಿರಿನಲ್ಲಿ ಬಂತು. ನನ್ನ ಉಡಿಯನ್ನು ಮೊದಲು ಅವಳೇ ತುಂಬಿದಳು. ಮಾವನ ಅಕ್ಕ ಹೋಳಿಗೆ ಉಂಡೇ ಹೋದರು, ಅದನ್ನೂ ಹೇಳಬೇಕು.

ಮರುದಿನ ಮೊಣಕಾಲು ಮೊದಲಿಗಿಂತ ದಪ್ಪ ಬಾತಿತ್ತು. ವೈದ್ಯರು ಬಂದು ತಲೆ ಅಲ್ಲಾಡಿಸಿದರು. "ಸಿಟ್ಟಿಗೆ ಬಂತೋ, ಒಲಿ ಮುಂದ ಕುಂತಿದ್ದಕ್ಕ ಬಂತೋ, ಶಿವನಿಗೇ ಗೊತ್ತು. ಮತ್ತ ಒಂದರಿಂದ ಹಿಡೀರಿ." ನಾನು ಅತ್ತೆಯ ಕಾಲ ಬಳಿ ಕೂತು, ನನಗಾಗಿ ಯಾಕೆ ಹೀಗೆ ಮಾಡಿಕೊಂಡಿರಿ ಎಂದು ಕಣ್ಣೀರು ಹಾಕಿದೆ.

"ಕಾಲೂ ನಂದು, ಸಿಟ್ಟೂ ನಂದು. ನೀ ರೊಟ್ಟಿ ಬಡಿ ಹೋಗು," ಎಂದಳು.

ಮಾವ ಮತ್ತೆ ಗಂಗಾವತಿಗೆ ಹೋಗಿಬಂದರು. ಕುದಿಸಿ, ಒಣಗಿಸಿ, ಕುಟ್ಟುವುದರಲ್ಲಿ ಇಪ್ಪತ್ತು ದಿನ ಹೋದವು. ಎರಡನೆಯ ಸಲದ ಹತ್ತೊಂಬತ್ತನೆಯ ದಿನ, ಇನ್ನೂ ದಿನ ತುಂಬುವ ಮೊದಲೇ, ನನಗೆ ನೋವು ಬಂದು ಹೆಣ್ಣು ಕೂಸು ಹುಟ್ಟಿತು.

ಹೆರಿಗೆ ಮಾಡಿಸಿದ ಸೂಲಗಿತ್ತಿ ಎರೆಯಲು ತಾನೇ ಸೆರಗು ಕಟ್ಟಿದಳು. ಅತ್ತೆ ಅವಳನ್ನು ಸರಿಸಿದಳು. ಮಾವ ಒಂದು ರಟ್ಟೆ, ನನ್ನ ಗಂಡ ಒಂದು ರಟ್ಟೆ ಹಿಡಿದು ಬಚ್ಚಲಿನ ಕಲ್ಲಿನ ಮೇಲೆ ಇಳಿಸಿ ಹೊರಗೆ ಹೋದರು. ಬಾಗಿಲು ತೆರೆದಿತ್ತು, ನಾನು ಮಲಗಿದ್ದ ಹೊರಸಿನಿಂದ ಎಲ್ಲ ಕಾಣುತ್ತಿತ್ತು. ಬಲಗಾಲು ನೆಟ್ಟಗೆ ಚಾಚಿತು. ಎಡಗಾಲು ಅರ್ಧಕ್ಕೇ ನಿಂತಿತು. ಅತ್ತೆ ಹಲ್ಲು ಕಚ್ಚಿ ಅದನ್ನು ಕೈಯಿಂದ ಒತ್ತಿದಳು. ಇನ್ನಷ್ಟು ಇಳಿಯಿತು, ಪೂರ್ತಿ ಇಳಿಯಲಿಲ್ಲ. ಅದರ ಕೆಳಗೆ ಹಳೇ ಸೀರೆಯ ಸುರುಳಿ ಕೊಟ್ಟು ಕೂಸನ್ನು ಇಸಿದುಕೊಂಡಳು. ನೀರು ಬಿದ್ದೊಡನೆ ಕೂಸು ಕಿಟಾರನೆ ಅತ್ತಿತು. "ಅಳು, ಅಳು. ನಿಮ್ಮವ್ವನಂಗ ಸುಮ್ಮಕ ಕುಂಡ್ರಬ್ಯಾಡ," ಎನ್ನುತ್ತ ಕೈ, ಕಾಲು, ಬೆನ್ನು ತಿಕ್ಕಿ ಎರೆದಳು.

ಎರೆದಾದ ಮೇಲೆ ಸೂಲಗಿತ್ತಿ ಕೂಸನ್ನು ನನ್ನ ಮಗ್ಗುಲಿಗೆ ತಂದು ಹಾಕಿ ತನ್ನ ಮನೆಗೆ ಹೋದಳು. ಅತ್ತೆ ಗೋಡೆ ಹಿಡಿದಳು. ಏಳಲಾಗಲಿಲ್ಲ. ಇನ್ನೊಮ್ಮೆ ಹಿಡಿದಳು. ಗಂಡಸರು ಎತ್ತುಗಳಿಗೆ ನೀರು ಕುಡಿಸಲು ಹೋಗಿದ್ದರು. ನಾನು ಹೊರಸಿನಿಂದ ಕಾಲು ಇಳಿಸಿದ್ದೇ ತಡ, ಗದರಿದಳು.

"ಬಿದ್ಕೋ! ಹಸೀ ಬಾಣಂತಿ ಏಳ್ತಾಳಂತ."

"ನೀವು ಅಲ್ಲೇ ಎಷ್ಟೊತ್ತು ಕುಂಡ್ರತೀರಿ ಅತ್ತಿ?"

ಅತ್ತೆ ಒದ್ದೆ ಸೀರೆ ಹಿಂಡಿಕೊಂಡು, ಬೆನ್ನು ಗೋಡೆಗೆ ಆನಿಸಿ ಆರಾಮಾಗಿ ಕೂತಳು. "ಏಳಾಕ ಬರದಿದ್ರ ಏನಾತು?" ಎಂದಳು. "ಕುಂಡ್ರಾಕ ಬಂತಲ್ಲ."