ಜಾಗ್ ಕಲಿಯುತ್ತಿದ್ದ ಕುದುರೆ

ವೆಸ್ಟ್ ವಿಂಡ್ಸರಿನಿಂದ ಸ್ವಲ್ಪ ದೂರದ ಕುದುರೆ ಫಾರ್ಮಿನ ಬೇಲಿಗೆ ಒರಗಿ ನಿಂತಿದ್ದೆ. ಒಳಗೆ ಎಳೆಯ ಹೆಣ್ಣು ಕುದುರೆಯ ಮೇಲೆ ನಸ್ರೀನ್ ಕೂತಿದ್ದಳು. ಮೈಸೂರಿನ ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು, ಆಗಲೇ ಸವಾರಿ ಕಲಿತವಳು. ನ್ಯೂಯಾರ್ಕಿನ ಬ್ಯಾಂಕು ಮುಚ್ಚಿ ಕೆಲಸ ಹೋದಮೇಲೆ ಬೆಳಗಿನ ಹೊತ್ತು ಇಲ್ಲಿ ಕುದುರೆ ಪಳಗಿಸುತ್ತಾಳೆ.

ಈ ಕುದುರೆಗೆ ಎಲೆ ಅಲುಗಿದರೂ ಗಾಬರಿ. ಅದಕ್ಕೆ ಅವಳು ಕಲಿಸುತ್ತಿದ್ದದ್ದು ಜಾಗ್, ಅಂದರೆ ಸವಾರ ಕುಲುಕದಂತೆ ಒಂದೇ ಹದದಲ್ಲಿ ಸಾಗುವ ನಿಧಾನದ ಓಟ. ಅದು ಬರದಿದ್ದರೆ ಫಾರ್ಮಿನವರು ಕುದುರೆಯನ್ನು ಹರಾಜಿಗೆ ಕಳಿಸುತ್ತಾರಂತೆ.

ನಾನು ಹಿಡಿದಿದ್ದ ಅವಳ ಜಾಕೆಟ್ಟಿನೊಳಗೆ ಫೋನ್ ಬಡಿದುಕೊಂಡಿತು. ಕುದುರೆ ಬೆಚ್ಚಿ ಓಟ ಕಿತ್ತಿತು. ಲಗಾಮು ಜಗ್ಗುತ್ತಾಳೆ ಅಂದುಕೊಂಡರೆ, ಅವಳು ಸಡಿಲ ಬಿಟ್ಟಳು. ಮೆಲ್ಲಗೆ ಒಂದು ಪಕ್ಕಕ್ಕೆ ತಿರುಗಿಸಿ ಸುತ್ತು ಹಾಕಿಸುತ್ತ, ಭುಜ ಇಳಿಸಿ, ಉದ್ದಕ್ಕೆ ಉಸಿರು ಬಿಟ್ಟಳು. ಸುತ್ತು ಕಿರಿದಾದಂತೆ ಓಟವೂ ಇಳಿಯಿತು.

“ಎಳೆದು ನಿಲ್ಲಿಸಬಾರದಿತ್ತಾ?” ಎಂದೆ.

“ಎಳೆದ್ರೆ ಇನ್ನೂ ಪ್ಯಾನಿಕ್ ಆಗುತ್ತೆ ಕಣೇ. ಮೊದ್ಲು ನಾನು ರಿಲ್ಯಾಕ್ಸ್ ಆಗ್ಬೇಕು.”

“ಇಂಟರ್‌ವ್ಯೂ ಕಾಲ್ ಇರಬಹುದು, ನಸ್ರೀನ್.”

“ಅವರದೇ ಇರುತ್ತೆ. ಈಗ ಇಳಿದ್ರೆ ಇದಕ್ಕೆ ಹೆದರಿದ್ದು ಮಾತ್ರ ನೆನಪಿರುತ್ತೆ. ಇನ್ನೊಂದು ರೌಂಡ್ ಹೋಗ್ಲಿ.”

ಆ ರೌಂಡಿನಲ್ಲಿ ಕುದುರೆ ಕತ್ತು ಇಳಿಸಿ, ಅವಸರವಿಲ್ಲದೆ ಸಾಗಿತು. ಜೀನಿನ ಮೇಲೆ ಅವಳು ಕುಲುಕಲಿಲ್ಲ. ಬೇಲಿಯ ಪಕ್ಕ ನಿಲ್ಲಿಸಿ, ಅದರ ಕುತ್ತಿಗೆ ಸವರಿ, ಆಮೇಲೆ ಕೈಚಾಚಿ ಫೋನ್ ತೆಗೆದುಕೊಂಡಳು. ಕೂತಲ್ಲಿಂದಲೇ ಆ ನಂಬರಿಗೆ ಫೋನ್ ಮಾಡಿದಳು. ಅತ್ತ ರಿಂಗಾಗುತ್ತಿರುವಾಗ ಮತ್ತೆ ಭುಜ ಇಳಿಸಿ, ಉದ್ದಕ್ಕೆ ಉಸಿರು ಬಿಟ್ಟಳು. ಕುದುರೆ ಒಂದು ಕಿವಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು, ಅಲುಗದೆ ನಿಂತಿತ್ತು.