ಇಂಗುಗುಂಡಿಗೆ ತಿರುಗಿಸಿದ ಪೈಪು

2024ರ ಮಾರ್ಚ್‌ನಲ್ಲಿ, ಪುಟ್ಟೇನಹಳ್ಳಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಮಾಲೀಕರು ನೀರಿನ ಗಡಸುತನ ತೆಗೆಯುವ ವಾಟರ್ ಸಾಫ್ಟ್‌ನರ್ ಯಂತ್ರವನ್ನು ತೊಳೆದ ನೀರನ್ನು ಮೋರಿಗೆ ಬಿಡುವುದನ್ನು ನಿಲ್ಲಿಸಿ, ಹಿತ್ತಲಿನ ಇಂಗುಗುಂಡಿಗೆ ತಿರುಗಿಸಿದರು. ಆ ಗುಂಡಿಯ ಪಕ್ಕದಲ್ಲೇ ಅವರ ಬಾವಿ ಇದೆ.

ಕೆಳಗಿನ ಮನೆಯಲ್ಲಿ ಮಾಲೀಕರು ಮತ್ತು ಅವರ ಹೆಂಡತಿ, ಮೇಲೆ ನಾವು. ಈ ಜಾಗ ಹಿಂದೆ ಅವರ ರಾಗಿ ಹೊಲವಾಗಿತ್ತು. ಬಾವಿ ಆ ಕಾಲದ್ದು. ಸ್ನಾನಕ್ಕೆ, ಬಟ್ಟೆಗೆ ಬೋರ್‌ವೆಲ್ ನೀರು. ಕುಡಿಯಲು ಮತ್ತು ಅಡುಗೆಗೆ ಮಾತ್ರ ಅವರು ಬಾವಿಯ ನೀರನ್ನು ಬಳಸುತ್ತಿದ್ದರು. ನಾವು ಕ್ಯಾನ್ ನೀರು ತರಿಸುತ್ತಿದ್ದೆವು.

ಬೋರ್‌ವೆಲ್ ನೀರು ಬಹಳ ಗಡಸು. ನಲ್ಲಿಗಳ ಮೂತಿಯಲ್ಲಿ ಬಿಳಿ ಪೊರೆ ಕಟ್ಟುತ್ತಿತ್ತು, ಗೀಸರ್ ಕಾಯಿಲ್ ಮತ್ತೆ ಮತ್ತೆ ಸುಟ್ಟುಹೋಗುತ್ತಿತ್ತು. ಅದಕ್ಕಾಗಿ ಸಾಫ್ಟ್‌ನರ್ ಹಾಕಿಸಿದ್ದರು. ಅದರ ಉದ್ದನೆಯ ಸಿಲಿಂಡರಿನೊಳಗೆ ಸಾಸಿವೆಗಿಂತ ಸಣ್ಣ ರೆಸಿನ್ ಮಣಿಗಳಿರುತ್ತವೆ. ಅವು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು, ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಅವನ್ನು ತೊಳೆಯಬೇಕು. ಮಾಲೀಕರು ಭಾನುವಾರ ಬೆಳಿಗ್ಗೆ ತಾವೇ ವಾಲ್ವ್ ತಿರುಗಿಸಿ ನಿಲ್ಲುತ್ತಿದ್ದರು. ಮೊದಲು ನೀರು ಕೆಳಗಿನಿಂದ ಮೇಲಕ್ಕೆ ನುಗ್ಗಿ ಕೊಳೆ ತೆಗೆಯುತ್ತದೆ. ಆಮೇಲೆ ಪಕ್ಕದ ಡ್ರಮ್ಮಿನ ಉಪ್ಪುನೀರು ಮಣಿಗಳ ಮೇಲೆ ಹರಿಯುತ್ತದೆ. ಮಣಿಗಳು ಹೊಸ ಸೋಡಿಯಂ ತುಂಬಿಕೊಂಡು ಹಿಡಿದಿದ್ದನ್ನು ಬಿಟ್ಟುಬಿಡುತ್ತವೆ. ಕೊನೆಗೆ ಬರಿ ನೀರಿನಲ್ಲಿ ತೊಳೆದರೆ ಮುಗಿಯಿತು. ಮಣಿಗಳು ಬಿಟ್ಟ ಕ್ಯಾಲ್ಸಿಯಂ, ಮೆಗ್ನೀಸಿಯಂ, ಮಿಕ್ಕ ಉಪ್ಪು ಎಲ್ಲವೂ ಒಂದು ಪೈಪಿನಲ್ಲಿ ಹೊರಗೆ ಹೋಗುತ್ತವೆ.

ಆ ಮಾರ್ಚ್‌ನಲ್ಲಿ ಊರಿಗೆಲ್ಲ ನೀರಿನ ಬರ. ಬೋರ್‌ವೆಲ್ ಸಾಲದೆ ತರಿಸುತ್ತಿದ್ದ ನೀರಿನ ಟ್ಯಾಂಕರ್ ಹೇಳಿದ ದಿನ ಬರುತ್ತಿರಲಿಲ್ಲ.

"ಬಕೆಟ್‌ಗಟ್ಲೆ ನೀರು ಸಾರ್, ಮೋರಿಗೆ ಬಿಡೋದಾ?" ಎಂದರು ಮಾಲೀಕರು, ಪೈಪು ಜೋಡಿಸುತ್ತಾ. "ನಮ್ಮಪ್ಪ ಇದ್ದಿದ್ರೆ ಕೆನ್ನೆಗೆ ಬಿಡ್ತಿದ್ರು. ಭೂಮಿಗೆ ಹೋಗ್ಲಿ, ಬಾವಿಗಾದ್ರೂ ಬರುತ್ತೆ."

ಬಾವಿಗೆ ನೀರು ಬಂತು. ಬೇಸಿಗೆಯಲ್ಲೂ ಬತ್ತಲಿಲ್ಲ. ಅಕ್ಕಪಕ್ಕದವರು ಬಂದು ನೋಡಿಕೊಂಡು ಹೋದರು.

ಮೇ ತಿಂಗಳಲ್ಲಿ ಮಾಲೀಕರ ಪಾದ ಊದಿತು. ಹೃದಯ ದುರ್ಬಲವಾಗಿದೆ, ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದರು. ಹೆಂಡತಿ ಸಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟರು. ಕೆಳಗಿನಿಂದ ಜಗಳ ಕೇಳಿಸುತ್ತಿತ್ತು.

"ಲೇ, ಇದು ಸಾರಾ, ಪಾತ್ರೆ ತೊಳೆದ ನೀರಾ?"

"ಸುಮ್ನೆ ತಿನ್ರೀ. ಬದುಕ್ಬೇಕು ಅಂದ್ರೆ ಅದೇ ಸಾರು."

ಮಳೆಗಾಲ ಬರುವ ಹೊತ್ತಿಗೆ ಜಗಳ ನಿಂತಿತ್ತು. "ನಾಲಿಗೆ ಒಗ್ಗಿಹೋಯ್ತು ಸಾರ್. ಈಗ ರುಚಿಯಾಗೇ ಇದೆ," ಎಂದು ಮಾಲೀಕರು ಗೇಟಿನ ಬಳಿ ನಕ್ಕರು. ಚಪ್ಪಲಿಯ ಪಟ್ಟಿ ಪಾದಕ್ಕೆ ಒತ್ತಿ ಗೆರೆ ಮೂಡಿಸಿತ್ತು.

ಊತ ಇಳಿಯಲಿಲ್ಲ. ಗಂಡ ಕದ್ದು ತಿನ್ನುತ್ತಿದ್ದಾರೆಂದು ಅನುಮಾನ ಬಂದು ಆಕೆ ಉಪ್ಪಿನಕಾಯಿ ಭರಣಿಯನ್ನು ಮೇಲೆ ತಂದರು. "ನಿಮ್ಮನೇಲೇ ಇಟ್ಕೊಳಿ ಸಾರ್. ಕೇಳಿದ್ರೆ ಖಾಲಿ ಅನ್ನಿ." ಅದೇ ದಿನ, ಬೇಳೆ ಬೇಯುತ್ತಿಲ್ಲ, ಅಂಗಡಿಯವನು ಹಳೇ ಬೇಳೆ ಕೊಟ್ಟಿದ್ದಾನೆ ಎಂದೂ ಗೊಣಗಿದರು. ಕುಕ್ಕರಿನ ಗ್ಯಾಸ್ಕೆಟ್ ಕೂಡ ಬದಲಾಯಿಸಿದ್ದರಂತೆ.

ಅಕ್ಟೋಬರ್‌ನಲ್ಲಿ ಒಂದು ದಿನ ನಮ್ಮ ಕ್ಯಾನ್ ಬರಲಿಲ್ಲ. ಆಕೆ ಒಂದು ಬಿಂದಿಗೆ ಬಾವಿಯ ನೀರು ಕೊಟ್ಟರು. ಕುದಿಸಿ ಆರಿಸಿ ಒಂದು ಗುಟುಕು ಕುಡಿದೆ. ಉಪ್ಪಾಗಿತ್ತು.

ಕೆಳಗಿಳಿದು ಹೇಳಿದೆ. ಮಾಲೀಕರು ಒಂದು ಲೋಟ ಪೂರ್ತಿ ಕುಡಿದರು.

"ಎಲ್ಲಿ ಸಾರ್ ಉಪ್ಪು? ದಿನಾ ಕುಡಿಯೋ ನೀರಲ್ವಾ?"

ಆಕೆಯೂ ಕುಡಿದರು. ಅವರಿಗೂ ಗೊತ್ತಾಗಲಿಲ್ಲ. ನಾನು ಇಂಗುಗುಂಡಿಯ ಕಡೆ ಕೈ ತೋರಿಸಿದೆ. ಅಂದು ಭಾನುವಾರ, ಪೈಪಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಆಕೆ ಹೋಗಿ ಅದಕ್ಕೆ ಬೆರಳೊಡ್ಡಿ ನಾಲಿಗೆಗೆ ಮುಟ್ಟಿಸಿದರು. ತಕ್ಷಣ ಉಗುಳಿದರು.

"ಅಯ್ಯೋ, ಇಷ್ಟು ದಿನ ನಾನೇ ಕುಡಿಸಿದ್ನಾ?"

"ಸುಮ್ನಿರೇ," ಎಂದರು ಮಾಲೀಕರು. "ಪೈಪ್ ತಿರುಗಿಸ್ದೋನು ನಾನು."

ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟೆವು. ಉಪ್ಪೂ ಗಡಸುತನವೂ ಕುಡಿಯುವ ಮಟ್ಟ ಮೀರಿವೆ ಎಂದರು. ಬೇಳೆ ಬೇಯದಿದ್ದುದೂ ಆ ಗಡಸುತನಕ್ಕೇ. ಮಾಲೀಕರು ಅಂದೇ ಪೈಪನ್ನು ಮೋರಿಗೆ ತಿರುಗಿಸಿದರು. ಅವರ ಮನೆಗೂ ಕ್ಯಾನ್ ನೀರು ಬರತೊಡಗಿತು. ಮರುದಿನದಿಂದ ಅವರಿಗೆ ಊಟ ಮತ್ತೆ ಸಪ್ಪೆಯಾಯಿತು.

ಊತಕ್ಕೆ ಬಾವಿಯ ನೀರೇ ಕಾರಣವೇ ಎಂದು ಆಕೆ ವೈದ್ಯರನ್ನು ಕೇಳಿದರು. ನೀರಿನಿಂದ ಎಷ್ಟು, ಹೃದಯದಿಂದ ಎಷ್ಟು ಎಂದು ಈಗ ಬೇರ್ಪಡಿಸಿ ಹೇಳಲಾಗದು ಎಂದು ಅವರು ಉತ್ತರಿಸಿದರು.

ಡಿಸೆಂಬರ್‌ನಲ್ಲಿ ಊತ ಮೊಣಕಾಲಿನವರೆಗೆ ಏರಿತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಮಾಲೀಕರು ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದರು. ಜನವರಿಯಲ್ಲಿ ಅವರನ್ನು ಜಯನಗರದ ಒಂದು ಆಸ್ಪತ್ರೆಗೆ ಸೇರಿಸಿದರು. ನಾನು ಇದನ್ನು ಬರೆಯುವಾಗ ಅವರು ತೀವ್ರ ನಿಗಾ ಘಟಕದಲ್ಲಿದ್ದಾರೆ.